ಹೊರಡದ ಬಸ್ಸಿನಲ್ಲಿ ಅತ್ತೆ ಮತ್ತು ನಾನು

ಮೊನ್ನೆ ಮೊಮ್ಮಗನಿಗೆ ನೆಗಡಿಯಾಗಿತ್ತು. ಅವನ ಕರವಸ್ತ್ರಕ್ಕೆ ಒಂದು ಹನಿ ನೀಲಗಿರಿ ಎಣ್ಣೆ ಹಾಕುತ್ತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೊಪ್ಪಳದ ಹಳೆಯ ಬಸ್‌ಸ್ಟ್ಯಾಂಡಿನಲ್ಲಿ, ನಿಂತ ಬಸ್ಸೊಂದರ ಕಿಟಕಿ ಪಕ್ಕ ಕೂತಿದ್ದೆ. ಮಗ್ಗುಲಲ್ಲಿ ಅತ್ತೆ. ಊರಿಗೆ ಹೊರಟರೆ ಸೆರಗಿನ ತುದಿಗೆ ಈ ಎಣ್ಣೆ ಹಚ್ಚಿಕೊಳ್ಳುವುದು ಅವರ ರೂಢಿ. ಆದರೆ ಆ ದಿನ ನಾವು ಯಾವ ಊರಿಗೂ ಹೊರಟಿರಲಿಲ್ಲ. ಹೇಳಬೇಕೆಂದಿರುವುದು ಅದನ್ನೇ.

ಎಪ್ಪತ್ತರ ದಶಕದ ಕೊನೆಯ ಮಾತು. ಲಗ್ನವಾಗಿ ಕೊಪ್ಪಳಕ್ಕೆ ಬಂದಿದ್ದೆ. ಕುಷ್ಟಗಿಯ ಸಾಲಿಯಲ್ಲಿ ಟೀಚರ್ ನೌಕರಿ, ದಿನಾ ಬಸ್ಸು. ಒಂದು ಮುಂಜಾನೆ ಅರ್ಧ ದಾರಿಯಲ್ಲಿ, ಯಾವ ಕಾರಣವೂ ಇಲ್ಲದೆ, ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕೈಕಾಲು ತಣ್ಣಗಾದವು, ಉಸಿರು ಸಿಗಲೊಲ್ಲದು. ಸತ್ತೆನೆಂದೇ ತಿಳಿದು, "ನಿಲ್ಲಸ್ರಿ!" ಎಂದು ಕೂಗಿ ಜೋಳದ ಹೊಲದ ಬದಿಗೆ ಇಳಿದುಬಿಟ್ಟೆ. ಬಸ್ಸು ಹೋಯಿತು, ತುಸು ಹೊತ್ತಿಗೆ ಎದೆಯೂ ಸುಮ್ಮನಾಯಿತು. ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳು ಕೆಲಸ ಬಿಟ್ಟು ನನ್ನನ್ನೇ ನೋಡುತ್ತ ನಿಂತಿದ್ದರು. ಬದುಕಿ ಉಳಿದವಳಿಗೆ ಆಗಬೇಕಾದ ಸಂತೋಷ ನನಗೆ ಆಗಲಿಲ್ಲ, ನಾಚಿಕೆಯಾಯಿತು.

ಅಲ್ಲಿಂದ ಅದು ಮತ್ತೆ ಮತ್ತೆ ಬಂತು. ಮೊದಲು ಬಸ್ಸು ಬಿಟ್ಟೆ, ಆಮೇಲೆ ಸಂತೆ ಬಿಟ್ಟೆ, ಕೊನೆಗೆ ಓಣಿಯ ತುದಿಗೆ ಹೋಗುವುದನ್ನೂ ಬಿಟ್ಟೆ. ಲಿಂಬೆಹಣ್ಣು ಇಳಿಸಿದರು, ದರ್ಗಾದಿಂದ ತಾಯತ ತಂದು ಕಟ್ಟಿದರು. ರಜೆಯ ಮೇಲೆ ರಜೆ. "ಸಾಲಿಗೆ ಬರ್ರಿ, ಇಲ್ಲಾ ರಾಜೀನಾಮೆ ಕೊಡ್ರಿ" ಎಂದು ಹೆಡ್‌ಮಾಸ್ತರರು ಹೇಳಿ ಕಳಿಸಿದರು. ಊರಿನ ಡಾಕ್ಟರು ಎದೆ ಪರೀಕ್ಷೆ ಮಾಡಿ, "ಎದಿ ಛಲೋ ಐತ್ರಿ. ಇದು ಅಂಜಿಕಿ ಬ್ಯಾನಿ. ಹುಬ್ಬಳ್ಳ್ಯಾಗ ಮನಸ್ಸಿನ ಡಾಕ್ಟರ್ ಒಬ್ರು ಅದಾರ, ಹೆಣ್ಣುಮಗಳು. ಅವರ ಕಡೆ ಹೋಗ್ರಿ" ಎಂದರು.

ನನ್ನ ಯಜಮಾನರು, "ಮಂದಿ ಏನಂದಾರು?" ಎಂದು ತಲೆ ಕೆರೆದುಕೊಂಡರು.

"ಮಂದಿಗೆ ಲೇಡಿ ಡಾಕ್ಟರ್ ಕಡೆ ಹೊಂಟೀವಿ ಅಂದ್ರಾತು. ಸುಳ್ಳೇನಲ್ಲಲ್ಲ?" ಎಂದರು ಅತ್ತೆ.

ಹಾಗೇ ಹೇಳಿದರು. ಓಣಿಯವರೆಲ್ಲ ನಾನು ಬಸುರಿ ಎಂದುಕೊಂಡು ಉಪ್ಪಿನಕಾಯಿ ಕಳಿಸಿದರು. ನಾವೂ ಬೇಡ ಎನ್ನಲಿಲ್ಲ.

ರೈಲಿನಲ್ಲಿ ನಾನು ಅತ್ತೆಯ ಕೈ ಬಿಡಲಿಲ್ಲ. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ನನ್ನ ಉಗುರುಗಳ ಗುರುತು ಅವರ ಅಂಗೈಯಲ್ಲಿ ಮೂಡಿತ್ತು. ಡಾಕ್ಟರು ನಡುವಯಸ್ಸಿನವರು, ಅವಸರವಿಲ್ಲದವರು. ಎಲ್ಲವನ್ನೂ ಕೇಳಿಸಿಕೊಂಡು, "ಎದಿ ಹೊಡಕೊಂಡಾಗ ಏನ್ ಮಾಡ್ತೀರಿ?" ಎಂದರು.

"ಇಳದುಬಿಡ್ತೀನ್ರಿ."

"ಇಳೀಲಿಲ್ಲಾ ಅಂದ್ರ?"

"ಸತ್ತಹೋಗ್ತೀನ್ರಿ."

"ಇಲ್ಲೀತನಕ ಎಷ್ಟ ಸಲ ಸತ್ತೀರಿ?"

ನನಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು. ಅವರೂ ನಕ್ಕರು. "ಓಡೋ ಎದಿ ತಾನ ದಣದು ನಿಲ್ತದರಿ. ನೀವು ಅದು ನಿಲ್ಲೂದರೊಳಗ ಇಳದುಬಿಡ್ತೀರಿ. ಅದಕ್ಕ, ಇಳದಿದ್ದಕ್ಕ ಬದುಕಿದೆ ಅಂತ ತಿಳಕೊಂಡೀರಿ."

ವಾಪಸು ಬರುವಾಗ ಅತ್ತೆಗೆ ಸಿಟ್ಟು. "ಬರೇ ಮಾತಾಡಾಕ ಹುಬ್ಬಳ್ಳಿಗೆ ಬರಬೇಕೇನ ಬೇ? ಮನ್ಯಾಗ ನಾ ಮಾತಾಡೂದಿಲ್ಲೇನು?" ಮಾತಾಡುತ್ತಿದ್ದರು, ನಿಜ. ಮನೆಯಲ್ಲಿ ಎಲ್ಲರೂ ದಿನಬೆಳಗಾದರೆ "ಅಂಜಬ್ಯಾಡ, ಅಂಜಬ್ಯಾಡ" ಎನ್ನುತ್ತಿದ್ದರು. ಡಾಕ್ಟರು ಮಾತ್ರ ಒಮ್ಮೆಯೂ ಆ ಮಾತು ಹೇಳಲಿಲ್ಲ. ಅಂಜಿಕೆ ಬಂದಾಗ ಕೂತಿರುವುದನ್ನು ಕಲಿಸಿದರು.

ಮೊದಲ ಪಾಠವೇ ನಿಂತ ಬಸ್ಸಿನಲ್ಲಿ ಕೂತು ಬರುವುದು. ಕಂಡಕ್ಟರ್ ಬಂದು, "ಯವ್ವಾ, ಎಲ್ಲಿಗಿ?" ಎಂದ.

"ಎಲ್ಲಿಗೂ ಇಲ್ಲಪಾ. ಸುಮ್ಮ ಕುಂತೀವಿ" ಎಂದರು ಅತ್ತೆ.

"ಸುಮ್ಮ ಕುಂದ್ರಾಕ ಇದೇನ ಗುಡಿ ಕಟ್ಟಿ ಏನ್ರಿ?"

"ನಿನ್ನ ಬಸ್ಸು ಹೊಂಡೂದು ಯಾವಾಗಪಾ? ಅಲ್ಲೀತನಕ ಕಟ್ಟೀನ ಅದು!"

ಬಸ್ಸಿಗೆ ಬಸ್ಸೇ ನಕ್ಕಿತು. ಆ ನಗುವಿನ ನಡುವೆ ನನ್ನ ಎದೆಬಡಿತ ಏರಿತು, ಏರಿದಲ್ಲೇ ತುಸು ಹೊತ್ತು ನಿಂತಿತು, ಇಳಿಯಿತು. ಇಳಿಯುತ್ತದೆ ಎಂಬುದನ್ನು ನಾನು ಕೂತು ನೋಡಿದ್ದು ಅದೇ ಮೊದಲು. ಮುಂದೆ ಒಂದು ಊರಿನವರೆಗೆ ಹೋಗಿ ಬಂದೆವು, ಆಮೇಲೆ ಇನ್ನೊಂದು ಊರಿನವರೆಗೆ. ನಡುನಡುವೆ ಹುಬ್ಬಳ್ಳಿಗೆ ಹೋಗಿ ಒಪ್ಪಿಸುವುದು. ಕೆಟ್ಟ ದಿನಗಳೂ ಇದ್ದವು. ಒಮ್ಮೆಯಂತೂ ಹತ್ತಿದ ಬಾಗಿಲಲ್ಲೇ ಇಳಿದು ಬಂದೆ.

ಕೊನೆಗೆ ಡಾಕ್ಟರು, "ಇನ್ನ ಒಬ್ರ ಹೋಗ್ರಿ" ಎಂದರು. ಅತ್ತೆಯ ಮುಖ ಸಣ್ಣದಾಯಿತು. "ಈಗ ನಾ ಬ್ಯಾಡಾದೆ?" ಎಂದರು.

ಒಬ್ಬಳೇ ಹತ್ತಿದೆ. ಅರ್ಧ ದಾರಿಯಲ್ಲಿ, ಅದೇ ಜೋಳದ ಹೊಲಗಳ ಹತ್ತಿರ, ಎದೆ ಓಡತೊಡಗಿತು. ಮುಂದಿನ ಸೀಟಿನ ಸರಳು ಹಿಡಿದು, 'ಓಡು, ಎಷ್ಟು ಓಡ್ತಿ ಓಡು' ಎಂದು ಕೂತೆ. ಕುಷ್ಟಗಿ ಬಂತು. ಇಳಿದು, ಒಂದು ಕಪ್ ಚಹಾ ಕುಡಿದು, ರಾಣಿಯ ಹಾಗೆ ಸುತ್ತ ನೋಡುತ್ತ ನಿಂತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಬಸ್ಸು ಬಂತು. ಅದರಿಂದ ಬೆವೆತು, ಬೆಳ್ಳಗಾಗಿ ಅತ್ತೆ ಇಳಿದರು! ನನ್ನನ್ನು ಕಂಡವರೇ ಅಲ್ಲೇ ಕಲ್ಲಿನ ಮೇಲೆ ಕುಸಿದು, "ಮನ್ಯಾಗ ಕುಂದ್ರಾಕ ಆಗ್ಲಿಲ್ಲ ಬೇ, ಜೀವಾನ ಹೋತು" ಎಂದು ಅತ್ತುಬಿಟ್ಟರು.

ನಾನು ಆ ಮನೆಗೆ ಬರುವ ಮೊದಲೇ ನಮ್ಮ ಮಾವ, ಗಂಗಾವತಿಗೆ ನೆಲ್ಲು ಮಾರಲು ಹೋದವರು, ದಾರಿಯಲ್ಲಿ ಲಾರಿ ಮಗುಚಿ ತೀರಿಕೊಂಡಿದ್ದರು. ಅಂದಿನಿಂದ ಮನೆಯವರು ಯಾರು ಹೊರಹೋದರೂ ಬರುವ ತನಕ ಅತ್ತೆ ಬಾಗಿಲಲ್ಲೇ ನಿಲ್ಲುತ್ತಿದ್ದರು, ತುತ್ತು ಮುಟ್ಟುತ್ತಿರಲಿಲ್ಲ. ನಾವು ಅದನ್ನು ಪ್ರೀತಿ ಎನ್ನುತ್ತಿದ್ದೆವು. ಪ್ರೀತಿಯೂ ಹೌದು. ಆದರೆ ಆ ಪ್ರೀತಿ ಅವರನ್ನು ಎಷ್ಟು ತಿಂದಿತ್ತೆಂದು ನನಗೆ ತಿಳಿದದ್ದು ಆ ಬಸ್‌ಸ್ಟ್ಯಾಂಡಿನಲ್ಲಿ.

ಮುಂದಿನ ಸಲ ಹುಬ್ಬಳ್ಳಿಯಲ್ಲಿ ಅತ್ತೆ ಒಳಗೆ ಹೋದರು, ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಬಹಳ ಹೊತ್ತಾಯಿತು. ಹೊರಬಂದಾಗ ಕಣ್ಣು ಕೆಂಪಗಿದ್ದವು, ಮುಖ ಹಗುರಾಗಿತ್ತು. "ಏನ್ ಮಾತಾಡಿದ್ರಿ ಅತ್ತಿ?" ಎಂದೆ.

"ಅದು ನಂದು ಅಕೀದು" ಎಂದರು. ಆಮೇಲೆ ಅದೆಷ್ಟೋ ಸಲ ಹೋದರು. ಈಗ ಜೊತೆಗೆ ಹೋಗುವವಳು ನಾನಾಗಿದ್ದೆ. ಪೂರ್ತಿ ಬದಲಾದರು ಎನ್ನಲಾರೆ. ಆದರೆ ಒಂದು ಸಂಜೆ ನಾವು ತಡವಾಗಿ ಬಂದಾಗ ಬಾಗಿಲು ಚಿಲಕವಿಲ್ಲದೆ ಬರೀ ಮುಚ್ಚಿತ್ತು, ಅತ್ತೆ ಉಂಡು ಗೊರಕೆ ಹೊಡೆಯುತ್ತಿದ್ದರು. ನನ್ನ ಯಜಮಾನರು ಹೆದರಿ ಎಬ್ಬಿಸಲು ಹೋದರು, ನಾನೇ ತಡೆದೆ.

ಈಗ ಅವರಿಲ್ಲ. ನಿವೃತ್ತಿಯಾಗುವವರೆಗೂ ನಾನು ಅದೇ ದಾರಿಯಲ್ಲಿ ಓಡಾಡಿದೆ. ಎದೆ ಈಗಲೂ ಎಂದಾದರೊಮ್ಮೆ ಓಡುತ್ತದೆ. ಹೊಸದಾಗಿ ಕಾರು ಕಲಿತ ಸೊಸೆ ನಿನ್ನೆ ಒಬ್ಬಳೇ ಯಲಬುರ್ಗಾಕ್ಕೆ ಹೊರಟಳು. "ಮುಟ್ಟಿದ ಕೂಡ್ಲೆ ಫೋನ್ ಮಾಡವಾ" ಎಂಬ ಮಾತು ತುಟಿಗೆ ಬಂತು. ನುಂಗಿಕೊಂಡು, "ಹೋಗಿ ಬಾ" ಎಂದಷ್ಟೇ ಅಂದೆ. ಅವಳು ಫೋನ್ ಮಾಡಲಿಲ್ಲ. ನಾನು ಬಿಸಿ ರೊಟ್ಟಿ ಮಾಡಿಕೊಂಡು, ಹೊಟ್ಟೆ ತುಂಬ ಉಂಡೆ.