ಗಾಳಿಧೀರನ ಕೊನೆಯ ಎರಡು ಹಾಳೆ

ಲಿಂಗಣ್ಣ ತೀರಿಕೊಂಡು ಆರು ವರ್ಷವಾದರೂ ಅವನ ತಗಡಿನ ಪೆಟ್ಟಿಗೆಗೆ ಹೆಂಡತಿ ದುರುಗವ್ವ ಯಾರನ್ನೂ ಕೈ ಹಚ್ಚಗೊಟ್ಟಿರಲಿಲ್ಲ. ಒಳಗೆ ಬಂಗಾರವಿಲ್ಲ, ಹೊಲದ ಪತ್ರವಿಲ್ಲ. ಇದ್ದದ್ದು ನಲವತ್ತೊಂದು ಬಣ್ಣದ ಚಿತ್ರಕಥೆ ಪುಸ್ತಕ, ಎಲ್ಲವೂ ಗಾಳಿಧೀರ ಎಂಬ ಹಾರುವ ವೀರನವು. ನಲವತ್ತನ್ನು ಮೊದಲಿಂದ ಕೊನೆತನಕ ಓದಬಹುದು. ನಲವತ್ತೊಂದನೆಯದಕ್ಕೆ ಕೊನೆಯ ಎರಡು ಹಾಳೆ ಇಲ್ಲ. ಅವನ್ನು ಹರಿದವಳು ದುರುಗವ್ವನೇ.

ಲಿಂಗಣ್ಣ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತೆಂಟು ವರ್ಷ ಮರಳು ಕಾಯಿಸಿದ ಮನುಷ್ಯ. ಉಪ್ಪುನೀರು ಉಂಡ ಅಕ್ಕಿಯನ್ನು ಕಾದ ಮರಳಿಗೆ ಸುರಿದು, ಅದು ಅರಳಿದ ಗಳಿಗೆಗೇ ಎತ್ತಿ ಜರಡಿಗೆ ಹಾಕಬೇಕು. ಒಂದು ಉಸಿರು ತಡವಾದರೆ ಕರಕಲು, ಒಂದು ಉಸಿರು ಮೊದಲಾದರೆ ಕಲ್ಲು. ಭಟ್ಟಿಯ ಬೆಂಕಿ ಅವನ ಮಾತನ್ನೂ ಹುರಿದು ಹಾಕಿದೆ ಎಂದು ಓಣಿಯ ಜನ ನಗುತ್ತಿದ್ದರು. ಅದು ಸುಳ್ಳು. ಗಾಳಿಧೀರನ ವಿಷಯ ತೆಗೆದರೆ ಲಿಂಗಣ್ಣನ ಬಾಯಿಗೆ ಅಗಳಿಯೇ ಇರಲಿಲ್ಲ.

ಗಾಳಿಧೀರ ಹಗಲಲ್ಲಿ ಕೆರೆಯ ತೂಬು ಕಾಯುವ ನೀರಗಂಟಿ. ಊರಿಗೆ ಆಪತ್ತು ಬಂದಾಗ ಹಾರುತ್ತಾನೆ. ಆದರೆ ಹಾರಿದ ಪ್ರತಿ ಸಲವೂ ಅವನ ದನಿ ಒಂದಿಷ್ಟು ಸವೆಯುತ್ತದೆ. ಮೊದಲ ಪುಸ್ತಕಗಳಲ್ಲಿ ಅವನ ಬಾಯಿಂದ ಹೊರಡುವ ಬಿಳಿಯ ಗುಳ್ಳೆಯ ತುಂಬ ಮಾತು. ಬರಬರುತ್ತ ಗುಳ್ಳೆ ಸಣ್ಣದಾಯಿತು, ಮಾತು ಕಡಿಮೆಯಾಯಿತು. ನಲವತ್ತೊಂದನೆಯದಕ್ಕೆ ಬರುವಾಗ ಒಂದೇ ಒಂದು ಮಾತಿನಷ್ಟು ದನಿ ಉಳಿದಿತ್ತು. ಆ ಮಾತನ್ನು ಅವನು ಯಾರಿಗೆ, ಏನೆಂದು ಹೇಳಿದ ಎನ್ನುವುದು ಕೊನೆಯ ಹಾಳೆಗಳಲ್ಲಿರಬೇಕಿತ್ತು.

ಈ ಪುಸ್ತಕಗಳೆಲ್ಲ ಬಂದದ್ದು ಹರಿಹರದ ಮುನಾಫನ ರದ್ದಿ ಅಂಗಡಿಯಿಂದ. ದುರುಗವ್ವ ದಾವಣಗೆರೆಯ ಬಸ್ ಸ್ಟ್ಯಾಂಡಿನ ಬಳಿ ಗಾಡಿ ಇಟ್ಟು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದಳು. ಪೊಟ್ಟಣ ಕಟ್ಟಲು ಹಳೆಯ ಪೇಪರು ಬೇಕಿತ್ತು. ಅದನ್ನು ತರಲು ಹೋದ ಲಿಂಗಣ್ಣ ಮುನಾಫನ ಜೊತೆ ವಾದಕ್ಕೆ ಕೂತನೆಂದರೆ ಮೂರು ಬಸ್ಸು ಬಿಟ್ಟು ನಾಲ್ಕನೆಯದಕ್ಕೆ ಏಳುತ್ತಿದ್ದ. ಒಂದೆರಡು ಸಲ ದುರುಗವ್ವನೂ ಜೊತೆಗಿದ್ದು ಆ ವಾದ ಕೇಳಿದ್ದಳು.

"ಹೀರೋ ಅಂದಮ್ಯಾಲೆ ಡೈಲಾಗ್ ಹೊಡೀಬೇಕಪ್ಪ ಲಿಂಗಣ್ಣ," ಎನ್ನುತ್ತಿದ್ದ ಮುನಾಫ್, ತಕ್ಕಡಿಗೆ ಪೇಪರು ಏರಿಸುತ್ತ. "ಇವನೇನು, ದಿನಾ ಒಂದು ಮಾತು ಕಮ್ಮಿ. ಮೂಕ ಹೀರೋನ ಯಾರು ಓದ್ತಾರೆ?"

"ಗುಳ್ಳೆ ಸಣ್ಣದಾದಂಗೆ ಚಿತ್ರ ದೊಡ್ಡದಾಗ್ತಾ ಐತೆ, ಅದನ್ನ ನೋಡು ಮೊದ್ಲು. ನಿನಗೆ ಓದಾಕೆ ಬರ್ತೈತೆ, ನೋಡಾಕೆ ಬರಲ್ಲ."

"ನೋಡಾಕೆ ಬರಂಗಿದ್ರೆ ನಿನ್ನಂಥವನ ದೋಸ್ತಿ ಮಾಡ್ತಿದ್ನಾ?"

ಮನೆಗೆ ಬಂದ ಮೇಲೆ ಲಿಂಗಣ್ಣ ಪುಸ್ತಕವನ್ನು ಜೋರಾಗಿ ಓದುತ್ತಿದ್ದ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ದುರುಗವ್ವ ಕಡಲೆಹಿಟ್ಟು ಕಲಸುತ್ತ ಹೂಂ ಎನ್ನುತ್ತಿದ್ದಳು. ಹೂಂ ಅನ್ನುವುದೇ ಬೇರೆ, ಕೇಳುವುದೇ ಬೇರೆ ಎಂದು ಆಗ ಅವಳಿಗೆ ತಿಳಿದಿರಲಿಲ್ಲ.

ಹಾಳೆ ಹರಿದ ದಿನ ಅಮಾವಾಸ್ಯೆ. ಉಕ್ಕಡಗಾತ್ರಿಯ ಗದ್ದುಗೆಗೆ ಹೋಗಿ ಬಂದ ಜನ ಬಸ್ಸಿಳಿದವರೇ ಗಾಡಿಗೆ ಮುತ್ತಿದರು. ಪೇಪರು ಮುಗಿದಿತ್ತು. ಬೆಳಿಗ್ಗೆಯೇ ಹರಿಹರಕ್ಕೆ ಕಳಿಸಿದ್ದ ಗಂಡ ದೀಪ ಹಚ್ಚುವ ಹೊತ್ತಿಗೆ ಬಂದ, ಕಂಕುಳಲ್ಲಿ ಒಂದು ಮೊಳದ ಕಟ್ಟು, ಕೈಯಲ್ಲಿ ಹೊಸ ಗಾಳಿಧೀರ.

"ಇಷ್ಟಾ ತಂದಿದ್ದು? ಎಲ್ಲಿ ಹಾಳಾಗಿ ಹೋಗಿದ್ರಿ ಇಷ್ಟೊತ್ತನಕ?"

"ಮುನಾಫ್ ಜೊತೆ ಕುಂತಿದ್ದೆ ಕಣೇ. ಈ ಸಲದ್ದು ಭಾರಿ ಐತೆ. ಕೊನೆ ಇನ್ನ ಓದಿಲ್ಲ, ಮನೆಗೆ ಹೋಗಿ ಓದಾಣ ಅಂತ ಇಟ್ಟೀನಿ."

ಅವನು ಪುಸ್ತಕವನ್ನು ಗಾಡಿಯ ಮೂಲೆಯಲ್ಲಿಟ್ಟು ನೀರು ತರಲು ಕೊಡ ಹಿಡಿದು ಹೋದ. ತಂದ ಕಟ್ಟು ಅರ್ಧ ಗಂಟೆಗೆ ಖಾಲಿ. ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು "ಬೇಗ ಕೊಡಕ್ಕ, ಬಸ್ಸು ಹೋಗ್ತೈತೆ," ಎಂದು ಅವಸರ ಮಾಡಿದಳು. ದುರುಗವ್ವನ ಕೈ ಮೂಲೆಗೆ ಹೋಯಿತು. ಅವಸರ ಮುಕ್ಕಾಲು ಪಾಲು ನಿಜ. ಕಾಲು ಪಾಲು ಸಿಟ್ಟು. ಆ ಕಾಲು ಪಾಲಿನ ಲೆಕ್ಕ ಅವಳೊಬ್ಬಳಿಗೇ ಗೊತ್ತು. ಎರಡು ಹಾಳೆ, ಎರಡು ಪೊಟ್ಟಣ.

ಲಿಂಗಣ್ಣ ಬಂದು ನೋಡಿದ. ಬೈಯಲಿಲ್ಲ. ಬ್ಯಾಟರಿ ಹಿಡಿದು ಬಸ್ ಸ್ಟ್ಯಾಂಡಿನ ನೆಲವನ್ನೆಲ್ಲ ಬಗ್ಗಿ ಬಗ್ಗಿ ಹುಡುಕಿದ. ಜನ ತಿಂದು ಎಸೆದಿದ್ದ ಎಣ್ಣೆಪೇಪರುಗಳನ್ನು ಒಂದೊಂದಾಗಿ ಬಿಡಿಸಿದ. ಕೊನೆಗೆ ಸಿಕ್ಕಿದ್ದು ಅಂಗೈಯಗಲದ ಒಂದು ಚೂರು. ಅದರಲ್ಲಿ ಗಾಳಿಧೀರನ ಎರಡು ಪಾದ ಇದ್ದವು, ನೆಲಕ್ಕೆ ತಾಕುವುದಕ್ಕೆ ಒಂದು ಬೆರಳಷ್ಟೇ ಬಾಕಿ.

"ಇಳ್ದಾನೆ ನೋಡು," ಎಂದ ಹೆಂಡತಿಗೆ. ಅಷ್ಟೇ.

ಗಾಳಿಧೀರನ ಮಾಲೆ ಅಲ್ಲಿಗೇ ನಿಂತುಹೋಯಿತು, ನಲವತ್ತೆರಡನೆಯದು ಬರಲಿಲ್ಲ. ಮುನಾಫನ ಅಂಗಡಿಗೆ ಇನ್ನೊಂದು ಪ್ರತಿಯೂ ಬರಲಿಲ್ಲ. ಲಿಂಗಣ್ಣ ತಾನೇ ಕೊನೆ ಕಟ್ಟತೊಡಗಿದ. ಭಟ್ಟಿಯ ಮುಂದೆ ನಿಂತೇ ಯೋಚಿಸುತ್ತಿದ್ದ. ಒಂದು ದಿನ ಇಡೀ ಒಬ್ಬೆ ಮಂಡಕ್ಕಿ ಕರಕಲಾಗಿ ಭಟ್ಟಿ ಯಜಮಾನ ಮುರುಗೇಶಪ್ಪನಿಂದ ಬೈಸಿಕೊಂಡು ಬಂದ. ಹಾಗೆ ನಾಲ್ಕು ತಿಂಗಳು.

ಇದೆಲ್ಲ ಮತ್ತೆ ಮೇಲೆ ಬಂದದ್ದು ಮೊಮ್ಮಗಳು ಚೈತ್ರಾಳಿಂದ. ಬಿ.ಕಾಂ. ಓದುವ ಆ ಹುಡುಗಿ ಒಂದು ದಿನ ಫೋನನ್ನು ಅಜ್ಜಿಯ ಕಣ್ಣಮುಂದೆ ಹಿಡಿದಳು.

"ಅಜ್ಜಿ, ನೋಡಿಲ್ಲಿ. ಅಜ್ಜನ ಗಾಳಿಧೀರ. ಎಂ.ಸಿ.ಸಿ. ಬಿ ಬ್ಲಾಕ್‌ನಾಗೆ ನಾಗಭೂಷಣ್ ಅಂತ ಒಬ್ರು ಡ್ರಾಯಿಂಗ್ ಮೇಷ್ಟ್ರು ಅದಾರೆ. ಇಂಥ ಪುಸ್ತಕದ ಹುಚ್ಚಿರೋರು ಭಾನುವಾರ ಅವರ ಮನೆ ಮಹಡಿ ಮ್ಯಾಲೆ ಸೇರ್ತಾರಂತೆ. ನಲವತ್ತೊಂದನೇದು ಅವರತ್ರ ಪೂರ್ತಿ ಐತೆ."

ದುರುಗವ್ವ ಫೋನನ್ನು ಕೈಗೆ ತಗೊಂಡಳು. "ಕರ್ಕಂಡು ಹೋಗ್ತೀಯೇನವ್ವ?" ಎಂದಳು.

ಸ್ಕೂಟಿಯ ಹಿಂದೆ ತಗಡಿನ ಪೆಟ್ಟಿಗೆ ಹಿಡಿದು ಕೂತು ಹೋದಳು. ಮಹಡಿಯಲ್ಲಿ ಹತ್ತು ಹನ್ನೆರಡು ಜನ, ಚಾಪೆಯ ತುಂಬ ಪುಸ್ತಕ. ಲಿಂಗಣ್ಣನ ಪೆಟ್ಟಿಗೆ ತೆಗೆದಾಗ ಎಲ್ಲರೂ ಮೊಣಕಾಲೂರಿ ಬಗ್ಗಿದರು. ನಾಗಭೂಷಣ್ ನಲವತ್ತೊಂದನೆಯದನ್ನು ಸುತ್ತಿದ್ದ ಬಟ್ಟೆ ಬಿಚ್ಚಿ ತಂದು, ಅಜ್ಜಿಗೆ ಕೇಳಲಿ ಎಂದು ಕೊನೆಯ ಹಾಳೆಗಳನ್ನು ಓದಿದ. ಕೆರೆ ಒಡೆಯುತ್ತದೆ. ಗಾಳಿಧೀರ ಹಾರಿ ಬಂಡೆ ತಂದು ಊರು ಉಳಿಸುತ್ತಾನೆ. ದನಿ ಹೋಗುವ ಗಳಿಗೆಯಲ್ಲಿ ಮೋಡದಿಂದ ಒಬ್ಬ ಋಷಿ ಇಳಿದು ಅವನ ಗಂಟಲು ಮುಟ್ಟುತ್ತಾನೆ. ಹೋದ ದನಿಯೆಲ್ಲ ತಿರುಗಿ ಬರುತ್ತದೆ. ಜನರೆಲ್ಲ ಜೈ ಎನ್ನುತ್ತಾರೆ. ಮುಗಿಯಿತು.

ಚೂರಿನಲ್ಲಿದ್ದ ಪಾದಗಳು ಗಾಳಿಧೀರನವೇ ಅಲ್ಲ, ಆ ಋಷಿಯವು.

"ಇದು ಮೋಸ ಸರ್," ಎಂದಳು ಕಿಟಕಿಯ ಬಳಿ ಕೂತಿದ್ದ ತನುಶ್ರೀ. ಚಿತ್ರ ಬರೆಯುವ ಹುಡುಗಿ, ಮಾತು ಹರಿತ. "ನಲವತ್ತು ಪುಸ್ತಕ ಸವೆದ ದನಿನ ಒಂದು ಬೆರಳು ಮುಟ್ಟಿ ವಾಪಸ್ ಕೊಟ್ರೆ, ನಲವತ್ತೂ ಯಾಕ ಓದಬೇಕಿತ್ತು?"

"ಮಕ್ಕಳ ಪುಸ್ತಕ ಅಲ್ಲೇನಮ್ಮ," ಎಂದ ನಾಗಭೂಷಣ್. "ಮೂಕನ್ನ ಮಾಡಿ ಮುಗಿಸಿದ್ರೆ ಮಕ್ಕಳು ಅಳ್ತಿದ್ವು."

"ಅಳ್ಲಿ ಬಿಡ್ರಿ. ಅತ್ತಿದ್ದು ನೆನಪಿರ್ತೈತೆ."

ಮಾತಿಗೆ ಮಾತು ಬೆಳೆಯಿತು. ದುರುಗವ್ವ ಆ ಗದ್ದಲದ ನಡುವೆ, ತನಗೇ ಹೇಳಿಕೊಂಡಂತೆ, "ನಮ್ಮನೆಯವ್ರು ಬ್ಯಾರೆ ಕೊನೆ ಕಟ್ಟಿದ್ರು," ಎಂದಳು.

ಎಲ್ಲರೂ ತಿರುಗಿದರು. "ಹೇಳ್ರಿ ಅಜ್ಜಿ."

ಹೇಳಿದಳು. ಗಾಳಿಧೀರ ಬಂಡೆ ಇಟ್ಟು ಊರು ಉಳಿಸಿದ. ಜನ ಕಟ್ಟೆಯ ಮೇಲೆ ನಿಂತು ಕೂಗಿದರು, ಅವನು ತಿರುಗಿ ನೋಡಲಿಲ್ಲ. ಉಳಿದ ಆ ಒಂದು ಮಾತನ್ನು ಬಾಯಲ್ಲಿ ಕೆಂಡದ ಹಾಗೆ ಹಿಡಿದುಕೊಂಡು ಹಾರಿದ. ಅರಮನೆ ದಾಟಿದ, ಗುಡಿ ದಾಟಿದ. ತನ್ನ ಮನೆಯ ಮುಂದೆ ಮೆಲ್ಲಗೆ ಇಳಿದ. ಬಾಗಿಲು ತೆರೆದಿತ್ತು. ಬಾಗಿಲಲ್ಲಿ ನಿಂತು…

ದುರುಗವ್ವ ಪೆಟ್ಟಿಗೆಯ ಮುಚ್ಚಳ ಹಾಕಿದಳು.

"ನಿಂತು?" ಎಂದಳು ತನುಶ್ರೀ.

ಲಿಂಗಣ್ಣ ಆ ಕೊನೆ ಹೇಳಿದ ಬೆಳಿಗ್ಗೆ ದುರುಗವ್ವನಿಗೆ ಉಪ್ಪಿನ ಪಿಂಗಾಣಿ ಬಟ್ಟಲ ಸಮೇತ ನೆನಪಿತ್ತು. ಈಳಿಗೆಮಣೆಯ ಮುಂದೆ ಕೂತು ಮೆಣಸಿನಕಾಯಿ ಸೀಳುತ್ತಿದ್ದಳು. ಲಿಂಗಣ್ಣ ನೀಲಿ ಗೆರೆಯ ಟವೆಲ್ ಹೆಗಲಿಗೆ ಹಾಕಿ ಹೊಸ್ತಿಲಲ್ಲಿ ನಿಂತಿದ್ದ. ಕಥೆಯನ್ನು ಬಾಗಿಲತನಕ ತಂದು ಒಂದು ಗಳಿಗೆ ತಡೆದಿದ್ದ. ಆಗ ಅವಳು ತಲೆಯೆತ್ತದೆ, "ಉಪ್ಪು ಮುಗಿದೈತೆ, ತಗಂಬರ್ರಿ," ಎಂದಿದ್ದಳು. ಅವನು "ಆತು" ಎಂದು ಚೀಲ ತಗೊಂಡು ಹೋದ. ಉಪ್ಪು ತಂದ. ಕಥೆ ಮುಂದುವರಿಸಲಿಲ್ಲ. ನಾಳೆ ಕೇಳಿದರಾಯಿತು ಎಂದುಕೊಂಡಳು. ಕೇಳಿದರೆ ಹಾಳೆ ಹರಿದ ಮಾತೂ ಮತ್ತೆ ಮೇಲೆ ಬರುತ್ತದೆಂದು ಆಮೇಲೆ ಸುಮ್ಮನಾದಳು. ಆ ನಾಳೆ ಬಾರದೆ ಮೂವತ್ತು ವರ್ಷ ಕಳೆದು, ಅವನೂ ಹೋದ.

"ಮರ್ತೋಗೈತೆ," ಎಂದಳು ದುರುಗವ್ವ.

"ನನ್ನ ತೊಟ್ಟಿಲಿಗೆ ಹಾಕಿದ ದಿನ ಯಾರು ಯಾವ ಸೀರೆ ಉಟ್ಟಿದ್ರು ಅಂತ ಹೇಳ್ತೀಯ, ಇದು ಮರ್ತ್ಯಾ?" ಚೈತ್ರಾ ನಂಬದೆ ನೋಡಿದಳು.

ಮರುದಿನವೇ ದುರುಗವ್ವ ಒಬ್ಬಳೇ ಹರಿಹರದ ಬಸ್ಸು ಹತ್ತಿದಳು. ಮುನಾಫನಿಗೆ ಹೇಳಿರಲೇಬೇಕು, ಅವನಿಗೆ ಹೇಳದ ಗಾಳಿಧೀರನ ಮಾತು ಲಿಂಗಣ್ಣನ ಹತ್ತಿರ ಇರಲಿಲ್ಲ.

ಮುನಾಫ್ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಕೈ ನಡುಗುತ್ತಿತ್ತು, ನಾಲಿಗೆ ಮಾತ್ರ ಗಟ್ಟಿ. "ಬರ್ರಿ ಭಾಬಿ, ಕೂಡ್ರಿ. ಪೇಪರು ಬೇಕಿತ್ತಾ? ಈಗ ನಾವು ಪೇಪರು ಕೊಡಂಗಿಲ್ಲ, ಎಲ್ಲಾ ಲಾರಿಗೆ ಹೋಗ್ತೈತೆ."

"ಪೇಪರಲ್ಲ ಭಾಯ್. ಗಾಳಿಧೀರ ಕೊನೆಗೆ ಏನಂದ? ನಿಮಗೆ ಹೇಳಿದ್ರಾ ಇವ್ರು?"

ಮುನಾಫ್ ಬೊಚ್ಚುಬಾಯಿ ಬಿಟ್ಟು ನಕ್ಕ. "ಬಾಗಿಲತನಕ ಹೇಳ್ದ. ನಾನು ಸುಮ್ನಿರ್ಬೇಕಿಲ್ಲಾ? ಹೀರೋ ಆದೋನು ಮುಗಿಯೋದು ಆಕಾಶದಾಗೆ ಕಣಲೇ, ಮನೆ ಬಾಗಲಾಗೆ ಅಲ್ಲ, ಕಥಿ ಕೆಡಿಸ್ಬ್ಯಾಡ ಅಂದೆ. ಸಿಟ್ಟು ಬಂತು ಸಾಹೇಬ್ರಿಗೆ. ಚಪ್ಲಿ ಮೆಟ್ಟಿದ. ನಿನಗೆ ಹೇಳಲ್ಲ ಹೋಗು, ಇದು ನಮ್ಮನೆಯಾಕಿಗೆ ಅಂತ ಕಟ್ಟಿದ್ದು, ನಾಳೆ ಬೆಳಿಗ್ಗೆ ಆಕಿಗೇ ಹೇಳ್ತೀನಿ ಅಂದ." ಕನ್ನಡಕ ಸರಿಮಾಡಿಕೊಂಡ. "ಆಮ್ಯಾಲೆ ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ. ನಿಮಗೆ ಹೇಳಿದ್ನಲ್ಲ ಭಾಬಿ, ಏನಂದ ಹೀರೋ?"

ರದ್ದಿಯ ಲಾರಿಯೊಂದು ಹಿಂದಕ್ಕೆ ಬರುತ್ತ ಹಾರ್ನ್ ಹಾಕಿತು. ಅದು ನಿಲ್ಲುವತನಕ ದುರುಗವ್ವ ಸೆರಗಿನ ತುದಿ ಹೊಸೆದಳು.

"ಹೇಳಾಕೆ ಬಂದಿದ್ರು ಭಾಯ್," ಎಂದಳು. "ನಾನೇ ಕೇಳ್ಲಿಲ್ಲ."

ಮುನಾಫ್ ಚಹಾ ತರಿಸಿದ. ಇಬ್ಬರೂ ಕುಡಿದರು. ಅವಳು ಬಸ್ಸಿಗೆ ಹೊರಡುವಾಗ, "ನಾನು ಅವತ್ತು ಬಾಯಿ ಮುಚ್ಕಂಡಿದ್ರೆ ನನಗಾದ್ರೂ ಗೊತ್ತಿರ್ತಿತ್ತು," ಎಂದ.

ಮುಂದಿನ ಭಾನುವಾರ ಮಹಡಿಯ ಮೇಲೆ ತನುಶ್ರೀ ದೊಡ್ಡ ಹಾಳೆ ಹರಡಿಕೊಂಡು ಕಾಯುತ್ತಿದ್ದಳು. ದುರುಗವ್ವ ಹೇಳಿದ್ದನ್ನೆಲ್ಲ ಚಿತ್ರ ಮಾಡಿದ್ದಳು: ಕಟ್ಟೆಯ ಜನ, ಗುಡಿ, ಮನೆಯ ಮುಂದೆ ಇಳಿಯುವ ಪಾದ. ಕೊನೆಯ ಚೌಕದಲ್ಲಿ ಗಾಳಿಧೀರ ಹೊಸ್ತಿಲಲ್ಲಿ ನಿಂತಿದ್ದ. ಬಾಯಿಂದ ಹೊರಟ ಗುಳ್ಳೆ ಖಾಲಿ.

"ನೀವೇ ಏನಾದ್ರೂ ಹೇಳ್ರಿ ಅಜ್ಜಿ, ತುಂಬ್ತೀನಿ. ಅಜ್ಜಂದಲ್ಲ ಅಂತ ಯಾರಿಗೆ ಗೊತ್ತಾಗ್ತೈತೆ?"

ಹರಿಹರದಿಂದ ಬಂದಾಗಿನಿಂದ ದುರುಗವ್ವ ಅದನ್ನೇ ಮಾಡಿದ್ದಳು. ಮೂರು ಮಾತು ಹೊಳೆದಿದ್ದವು. ಮೂರೂ ಚೆನ್ನಾಗಿದ್ದವು. ಆದರೆ ಮೂರೂ ಅವಳವು, ಗಂಡನ ಬಾಯಲ್ಲಿ ತಾನು ಕೇಳಬೇಕೆಂದಿದ್ದವು.

"ಆ ಗುಳ್ಳೆ ಅಳಿಸವ್ವ," ಎಂದಳು. "ಬಾಗಲ ಒಳಗೆ ಒಬ್ಳು ಹೆಂಗಸು ಕುಂತಿರ್ಲಿ. ಈಳಿಗೆಮಣೆ ಮುಂದೆ. ಅವ್ನ ಕಡೆ ಬೆನ್ನು ಮಾಡಿ."

ಪೆನ್ಸಿಲ್ ಓಡಿತು. ಬೆನ್ನು ಬಂತು, ತುರುಬು ಬಂತು.

"ಈಗ ಆಕಿ ಕಡೆಯಿಂದ ಒಂದು ಗುಳ್ಳೆ ತಗಿ. ಉಪ್ಪು ಮುಗಿದೈತೆ, ತಗಂಬರ್ರಿ ಅಂತ ಬರಿ."

ಮೂಲೆಯಲ್ಲಿದ್ದ ಒಬ್ಬ ಹುಡುಗ ನಗಲು ಹೋಗಿ, ಉಳಿದವರ ಮುಖ ನೋಡಿ ನಿಲ್ಲಿಸಿದ. ಚೈತ್ರಾ ಅಜ್ಜಿಯ ಕಡೆ ನೋಡಿದಳು. ಮರ್ತೋಗೈತೆ ಎಂದದ್ದು ಯಾಕೆಂದು ಅವಳಿಗೆ ಆಗ ತಿಳಿಯಿತು. ಬಂದು ಪಕ್ಕದಲ್ಲಿ ಕೂತಳು.

ನಾಗಭೂಷಣ್ ಬಹಳ ಹೊತ್ತು ಹಾಳೆ ನೋಡಿ, ಅಚ್ಚಾದ ಕೊನೆಗಿಂತ ಇದೇ ದೊಡ್ಡದು ಎಂದ. ಅಷ್ಟು ಕಷ್ಟಪಟ್ಟ ಹೀರೋಗೆ ಇದು ಅನ್ಯಾಯ ಎಂದ ಇನ್ನೊಬ್ಬ. ಅನ್ಯಾಯ ಆದ್ರೇನೇ ಕಥೆ ಎಂದಳು ತನುಶ್ರೀ. ಮತ್ತೆ ಮಾತಿಗೆ ಮಾತು ಹತ್ತಿತು. ಹರಿಹರದ ಅಂಗಡಿಯ ಮುಂದೆ ಲಿಂಗಣ್ಣ ಇಂಥದೇ ಗದ್ದಲದಲ್ಲಿ ಮೂರು ಬಸ್ಸು ಬಿಡುತ್ತಿದ್ದ. ಅವನಿದ್ದಿದ್ದರೆ ಇಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದವನು ಅವನೇ. ದುರುಗವ್ವ ಈ ಸಲ ಹೂಂ ಎನ್ನದೆ, ಒಬ್ಬೊಬ್ಬರ ಮಾತನ್ನೂ ಕೊನೆತನಕ ಕೇಳಿದಳು.

ಎಲ್ಲ ಮುಗಿದ ಮೇಲೆ ತನುಶ್ರೀ ಶಾಯಿ ಪೆನ್ನು ತೆಗೆದು, ಹಾಳೆಯ ಕೆಳಗಿನ ಮೂಲೆ ತೋರಿಸಿದಳು. "ಇಲ್ಲಿ ಮುಗಿಯಿತು ಅಂತ ಹಾಕ್ಲಾ ಅಜ್ಜಿ?"

"ಬ್ಯಾಡವ್ವ," ಎಂದಳು ದುರುಗವ್ವ. "ಅವ್ರು ಇನ್ನ ಹೇಳೋರಿದ್ರು."