ಬೇರೆ ಇಲಾಖೆಯ ಕರೆಂಟ್ ಬಿಲ್

ಕೋವಿಡ್ ನಿರ್ಬಂಧಗಳು ಸಡಿಲಗೊಂಡ ಬಳಿಕದ ಮೊದಲ ಬೇಸಿಗೆ. ಕುವೈತ್‌ನ ಸಂಶೋಧನಾ ಕೇಂದ್ರವೊಂದರಿಂದ ನನ್ನನ್ನು ಸರ್ಕಾರಿ ಇಲಾಖೆಯೊಂದಕ್ಕೆ ಸಲಹೆಗಾರನಾಗಿ ಕಳುಹಿಸಿದ್ದರು. ಘಟನೆಗಳ ಕ್ರಮವನ್ನು ಅಂದಿನ ಇ-ಮೇಲ್‌ಗಳೊಂದಿಗೆ ತಾಳೆ ನೋಡಿ ಬರೆಯುತ್ತಿದ್ದೇನೆ; ತಾಳೆಯಾಗದ ದಿನಾಂಕಗಳನ್ನು ಕೈಬಿಟ್ಟಿದ್ದೇನೆ.

ಆ ಇಲಾಖೆಯ ಚಿಕಿತ್ಸಾಲಯಗಳ ಹಳೆಯ ಎ.ಸಿ.ಗಳನ್ನು ಬದಲಿಸಬೇಕಿತ್ತು. ಕಡಿಮೆ ವಿದ್ಯುತ್ ಬಳಸುವ ಯಂತ್ರಗಳಿಗೆ ಹೆಚ್ಚುವರಿ ಅಂಕ ಕೊಟ್ಟು, ಬೆಲೆ ತುಸು ಹೆಚ್ಚಿದ್ದರೂ ಅವನ್ನೇ ಆರಿಸಬೇಕೆಂದು ನಾನು ಸೂಚಿಸಿದೆ. ಖರೀದಿ ಸಮಿತಿಯ ಅಧ್ಯಕ್ಷ ಅಬು ಸಾಲೆಂ, ನನ್ನನ್ನು ಅರಬ್ಬಿಯಲ್ಲಿ ಡಾಕ್ಟರ್ ಎಂದು ಕರೆಯುತ್ತ ನಕ್ಕರು: "ದಕ್ತೂರ್, ಎ.ಸಿ. ಕೊಳ್ಳುವುದು ನನ್ನ ಬಜೆಟ್‌ನಲ್ಲಿ. ಕರೆಂಟ್ ಬಿಲ್ ಹೋಗುವುದು ಬೇರೆ ಇಲಾಖೆಗೆ. ಅವರ ಉಳಿತಾಯಕ್ಕೆ ನಾನೇಕೆ ಖರ್ಚು ಮಾಡಲಿ?"

ಶಿಫಾರಸಿಗೆ ಮೊದಲ ಸಹಿ ಹಾಕಬೇಕಿದ್ದವರು ಖರೀದಿ ಅಧಿಕಾರಿ ಲವೀನಾ, ಕುವೈತ್‌ನ ಖೈತಾನ್ ಬಡಾವಣೆಯಲ್ಲಿ ನೆಲೆಸಿದ್ದ ಮಂಗಳೂರಿನವರು. ಅವರ ನೌಕರಿಯ ಕರಾರು ಆ ವರ್ಷ ನವೀಕರಣವಾಗಬೇಕಿತ್ತು. ವಾಸದ ಪರವಾನಗಿಯಾದ ಇಕಾಮಾ ಅದಕ್ಕೇ ಅಂಟಿಕೊಂಡಿತ್ತು.

"ಸರ್, ನೀವು ರಿಪೋರ್ಟ್ ಬರೆದು ಹೋಗ್ತೀರಿ. ಕಮ್ಮಿ ರೇಟಿನವರನ್ನು ಯಾಕೆ ಬಿಟ್ಟದ್ದು ಅಂತ ಆಡಿಟ್‌ನವರು ಕೇಳುದು ನನ್ನ ಹತ್ರ. ಮತ್ತೆ ಕೆಲಸವೂ ಖಲಾಸ್, ಇಕಾಮಾವೂ ಖಲಾಸ್. ಮಗಳಿಗೆ ಈ ವರ್ಷ ಹನ್ನೆರಡನೇ ಕ್ಲಾಸ್."

ಅಂಕ ಪದ್ಧತಿಯನ್ನು ಕೈಬಿಟ್ಟು, ಬದಲಿಗೆ ಒಂದು ಷರತ್ತು ಬರೆದೆ: ಹೊರಗೆ ನಲವತ್ತಾರು ಡಿಗ್ರಿ ಉಷ್ಣತೆ ಇದ್ದಾಗ ನಿಗದಿತ ಮಿತಿಗಿಂತ ಹೆಚ್ಚು ವಿದ್ಯುತ್ ಎಳೆಯುವ ಯಂತ್ರಕ್ಕೆ ಟೆಂಡರಿನಲ್ಲಿ ಪ್ರವೇಶವೇ ಇಲ್ಲ. ಒಳಬಂದವರಲ್ಲಿ ಅತಿ ಕಡಿಮೆ ದರದವರಿಗೇ ಆದೇಶ. ಲೆಕ್ಕಪರಿಶೋಧಕರ ನಿಯಮ ಹಾಗೆಯೇ ಉಳಿಯಿತು. ಬಜೆಟ್ ಮೀರದಿದ್ದರೆ ಸರಿ ಎಂದು ಅಬು ಸಾಲೆಂ ಕೂಡ ಒಪ್ಪಿದರು. ಆದರೆ ಒಂದೇ ಕಂಪನಿ ಮಾತ್ರ ಷರತ್ತನ್ನು ಪೂರೈಸುವಂತಿದ್ದರೆ ಅದೂ ತಕರಾರೇ. ಆದ್ದರಿಂದ ಲವೀನಾ ಮತ್ತು ನಾನು ಅರ್ದಿಯಾ ಪ್ರದೇಶದಲ್ಲಿದ್ದ ಪೂರೈಕೆದಾರರ ಗೋದಾಮುಗಳನ್ನು ಸುತ್ತಿ, ಪ್ರತಿ ಯಂತ್ರದ ಬೆನ್ನಿಗಿದ್ದ ಲೋಹದ ಪಟ್ಟಿಯಲ್ಲಿ ಅದರ ವಿದ್ಯುತ್ ಬಳಕೆಯನ್ನು ಓದಿದೆವು. ಮಿತಿಯೊಳಗೆ ನಾಲ್ಕು ತಯಾರಕರು ಸಿಕ್ಕರು.

ಟೆಂಡರಿಗೆ ಮುಂಚಿನ ಸಭೆಯಲ್ಲಿ ಪೂರೈಕೆ ಕಂಪನಿಯೊಂದರ ಹಮೀದ್ ಎದ್ದು ನಿಂತರು, ಬಂಟ್ವಾಳದ ಕಡೆಯವರು. ಷರತ್ತನ್ನು ಒಬ್ಬರಿಗಾಗಿಯೇ ಬರೆಯಲಾಗಿದೆ ಎಂದು ಇಂಗ್ಲಿಷಿನಲ್ಲಿ ಆಕ್ಷೇಪಿಸಿದರು. ಅಬು ಸಾಲೆಂ ಲವೀನಾರತ್ತ ತಿರುಗಿದರು. ಲವೀನಾ ನಾಲ್ಕೂ ತಯಾರಕರನ್ನು ಇಂಗ್ಲಿಷಿನಲ್ಲೇ ಹೆಸರಿಸಿ, ಕೊನೆಗೆ ಮೆಲ್ಲಗೆ ಕನ್ನಡದಲ್ಲಿ ಸೇರಿಸಿದರು: "ನಾಲ್ಕನೇದು ನಿಮ್ಮದೇ ಗೋಡೌನಲ್ಲಿ ಉಂಟು, ಹಮೀದ್ ಭಾಯಿ. ಬಾಗಿಲಿನ ಎಡಬದಿ. ಧೂಳು ಒರೆಸಿ ನೋಡಿ."

"ಅದು ಯಾರೂ ತಗೊಳ್ಳುದಿಲ್ಲ ಅಂತ ಮೂಲೆಗೆ ಹಾಕಿದ್ದು ಮಾರಾಯ್ರೆ," ಎನ್ನುತ್ತ ಹಮೀದ್ ಕುಳಿತರು.

ಮುಂದೆ ಅತಿ ಕಡಿಮೆ ದರ ಕೊಟ್ಟವರೂ ಅವರೇ. ಆಡಿಟ್‌ನಲ್ಲಿ ಪ್ರಶ್ನೆ ಏಳಲಿಲ್ಲ. ಲವೀನಾರ ಇಕಾಮಾ ನವೀಕರಣವಾಯಿತು. ಮಗಳು ಖೈತಾನ್‌ನಲ್ಲೇ ಪರೀಕ್ಷೆ ಬರೆದಳು.

ತೈಲದಾಚೆಗೆ ಸಾಗಲು ಯತ್ನಿಸುವ ಅರ್ಥವ್ಯವಸ್ಥೆಗಳಲ್ಲಿ ಹಸಿರು ಖರೀದಿಗೆ ಬೆಲೆ, ಅರಿವು, ಕಾನೂನು ಅಡ್ಡಿಯೆಂದು ನಾನೇ ಎಷ್ಟೋ ಕಡೆ ಬರೆದಿದ್ದೇನೆ. ಅವೆಲ್ಲ ನಿಜ. ಆದರೂ ಆ ಬೇಸಿಗೆಯ ನಂತರ, ಯಾವ ಷರತ್ತನ್ನು ಬರೆಯಲು ಕುಳಿತರೂ ನಾನು ಮೊದಲು ವಿಚಾರಿಸಿಕೊಂಡದ್ದು ಒಂದನ್ನೇ: ಇದರಡಿ ಸಹಿ ಹಾಕಬೇಕಾದವರು ಯಾರು?