ಲಂಕೆಯ ಹೊಲದಲ್ಲಿ ಹಕ್ಕಲು

ಐ.ಡಿ.ಹಳ್ಳಿಯ ಸುತ್ತಮುತ್ತ ಮಿಲ್ಟ್ರಿ ಮೂಡಲಗಿರಿಯಪ್ಪನನ್ನು ಗುರುತಿಸಲು ಮುಖ ನೋಡಬೇಕಾಗಿಲ್ಲ, ನಡಿಗೆ ನೋಡಿದರೆ ಸಾಕು. ಹೊಲಕ್ಕೆ ಹೊರಟರೆ ಮನುಷ್ಯ ಮೆದು ಮಣ್ಣಿನ ಮೇಲೆ ಕಾಲಿಡುವುದಿಲ್ಲ. ಬದುವಿನ ಗಟ್ಟಿ ನೆಲ ಹುಡುಕುತ್ತಾನೆ, ಬಂಡೆ ಇದ್ದರೆ ಬಂಡೆಯ ಮೇಲೆ ಹೋಗುತ್ತಾನೆ, ಎರಡೂ ಇಲ್ಲವೆಂದರೆ ಮುಂದೆ ಹೋದವರ ಹೆಜ್ಜೆಯ ಗುರುತಿನಲ್ಲೇ ತನ್ನ ಹೆಜ್ಜೆ ಇಡುತ್ತಾನೆ. ಯಾರಾದರೂ ಹೊಸದಾಗಿ ಗುಂಡಿ ಅಗೆದು ಮುಚ್ಚಿದ್ದರೆ ಅರ್ಧ ಹೊಲ ಸುತ್ತಿಕೊಂಡು ಹೋಗುತ್ತಾನೆ. ಅದು ಮಿಲ್ಟ್ರಿಯ ಶಿಸ್ತು ಎನ್ನುವವರು ಕೆಲವರು, ಮಿಲ್ಟ್ರಿಯ ರಮ್ಮು ಎನ್ನುವವರು ಉಳಿದವರು. ಹೆದರಿಕೆ ಎಂದು ಮಾತ್ರ ಒಬ್ಬರಿಗೂ ಹೊಳೆದಿಲ್ಲ. ಹೊಳೆಯುವುದಾದರೂ ಹೇಗೆ? ಸಿಪಾಯಿ ಎಂದರೆ ಹೆದರದವನು ಎಂದು ನಾವೆಲ್ಲ ಮನೆಯಲ್ಲಿ ಕೂತೇ ತೀರ್ಮಾನ ಮಾಡಿಯಾಗಿದೆ.

ಮೀಸೆ ಸರಿಯಾಗಿ ಮೂಡುವ ಮೊದಲೇ ಸೈನ್ಯ ಸೇರಿದವನು ಅವನು. ಎಂಬತ್ತೇಳರಲ್ಲಿ ಅವನ ದಳವನ್ನು ಶ್ರೀಲಂಕೆಗೆ ಕಳಿಸಿದರು. ಹೋದವರಿಗೆ ಶಾಂತಿ ಪಡೆ ಎಂದು ಹೆಸರು. ಶಾಂತಿ ಎಂಬ ಮಾತಿಗೆ ಎಷ್ಟು ಜನ ಸತ್ತರೆಂಬುದು ಸತ್ತವರ ಮನೆಯವರಿಗೆ ಗೊತ್ತು. ಇವನು ಬದುಕಿ ಊರಿಗೆ ಬಂದು ಬಸ್ಸಿನಿಂದ ಇಳಿದಾಗ ಜನ ಕೇಳಿದ ಮೊದಲ ಪ್ರಶ್ನೆ, "ಬಣ್ಣದ ಟೀವಿ ತಂದ್ಯೇನ್ಲಾ?" ಎರಡನೆಯದು, "ಲಂಕೆಗೆ ಬೆಂಕಿ ಇಕ್ಕಿ ಬಂದ್ಯಾ?" ಆವತ್ತಿನಿಂದ ಅವನಿಗೆ ಹನುಮಪ್ಪ ಎಂಬ ಅಡ್ಡಹೆಸರು ಅಂಟಿತು. ತಮಾಷೆಗೆ ಇಟ್ಟದ್ದೇ, ಕೆಟ್ಟ ಮನಸ್ಸಿನಿಂದಲ್ಲ. ಆದರೆ ಆ ಹೆಸರು ಕೂಗಿದಾಗಲೆಲ್ಲ ಅವನು ತಲೆ ತಗ್ಗಿಸಿ ಮುಂದೆ ನಡೆಯುತ್ತಿದ್ದ.

ಆಮೇಲೆ ಕಾರ್ಗಿಲ್ ಯುದ್ಧವಾಯಿತು. ಅಲ್ಲಿಂದ ಬಂದವರಿಗೆ ಶಾಲೆಯಲ್ಲಿ ಹಾರ, ಶಾಲು, ಪೇಟ. ನ್ಯಾಯವೇ. ಅದೇ ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಇವನಿಗೆ ಯಾರೋ ದೊಡ್ಡ ಮನುಷ್ಯರು, "ನಿಮ್ಮದು ಬಿಡಪ್ಪ, ಅವರಿವರ ಮನೆ ಜಗಳ" ಎಂದಿದ್ದರು. ಬಂದೂಕಿನ ಗುಂಡಿಗೆ ಅದು ಯಾರ ಮನೆಯ ಜಗಳವೆಂದು ಗೊತ್ತಾಗುತ್ತದೆಯೇ ಎಂದು ಕೇಳಬೇಕೆನಿಸಿತ್ತು. ಕೇಳಲಿಲ್ಲ, ಮನೆಗೆ ಬಂದು ದನದ ಕೊಟ್ಟಿಗೆ ಗುಡಿಸಿದ.

ಈಗಿನ ಸಂಕಟ ಬೇರೆ. ಈಗ ಯುದ್ಧವೆಂದರೆ ರಂಗರಾಜುವಿನ ಹೋಟೆಲ್ಲಿನ ಟಿ.ವಿ. ಬೆಳಿಗ್ಗೆ ಇಡ್ಲಿಗೆ ಕೂತವರು ಯಾವುದೋ ದೇಶದ ಯಾವುದೋ ಊರು ಉರಿಯುವುದನ್ನು ನೋಡುತ್ತ ಚಟ್ನಿ ಹಾಕಿಸಿಕೊಳ್ಳುತ್ತಾರೆ. ಕ್ರಿಕೆಟ್ಟಿಗೆ ಪಕ್ಷ ಕಟ್ಟಿದಂತೆ ಇಲ್ಲಿಯೂ ಪಕ್ಷ. ಮೂಡಲಗಿರಿಯಪ್ಪ ಬೀಡಿ ಕೊಳ್ಳಲು ಹೋದರೂ ರಂಗರಾಜು ಬಿಡುವುದಿಲ್ಲ.

"ಬನ್ನಿ ಹನುಮಪ್ನೋರೆ, ಬನ್ನಿ. ಇವತ್ತು ಒಂದು ಸಿಟೀನೇ ಉಡೀಸು! ನೀವೇ ಯೋಳಿ, ಒಂದು ದೊಡ್ಡ ಬಾಂಬು ಆಕಿ ಮುಗಿಸ್ಬುಡದಲ್ವಾ?"

"ಆ ಸಿಟೀನಾಗೂ ಒಬ್ಬ ರಂಗರಾಜ ಇಡ್ಲಿ ಬೇಯಿಸ್ತಾ ಇರ್ತಾನೆ ಕಣಪ್ಪ" ಎಂದ ಒಂದು ಸಲ. ಹೋಟೆಲ್ಲಿಗೆ ಹೋಟೆಲ್ಲೇ ನಕ್ಕಿತು. ರಂಗರಾಜುವೂ ನಕ್ಕ. ದೂರದ ಬೆಟ್ಟ ನುಣ್ಣಗೆ ಎಂದು ಹೇಳಿಕೊಡುವುದು ಮಧುಗಿರಿ ಬೆಟ್ಟ ಹತ್ತಿದವರಿಗೆ ಬೇಕಿಲ್ಲ, ಆದರೂ ನಮ್ಮ ಜನಕ್ಕೆ ಯುದ್ಧದ ವಿಷಯದಲ್ಲಿ ಮಾತ್ರ ಆ ಗಾದೆ ನೆನಪಾಗುವುದಿಲ್ಲ.

ಆ ನಗು ಹೋಟೆಲ್ಲಿನಲ್ಲೇ ಉಳಿದಿದ್ದರೆ ಸಹಿಸಿಕೊಂಡಿರುತ್ತಿದ್ದ. ಅದು ಅವನ ಮನೆಯ ಹೊಸ್ತಿಲು ದಾಟಿ ಒಳಗೆ ಬಂತು.

ಅವನ ಅಳಿಯ ಚೇತನ್ ಕುಮಾರ್ ಬೇರೆಯವನಲ್ಲ, ಸ್ವಂತ ಅಕ್ಕನ ಮಗ. ಮಗಳು ಮಂಜುಳಾಳನ್ನು ಅವನಿಗೇ ಕೊಟ್ಟು ಇಬ್ಬರನ್ನೂ ಮನೆಯಲ್ಲೇ ಇಟ್ಟುಕೊಂಡಿದ್ದ. ಪಾವಗಡದ ಕಡೆಯ ಸೋಲಾರ್ ಪಾರ್ಕಿನಲ್ಲಿ ಫಲಕ ತೊಳೆಯುವ ಗುತ್ತಿಗೆ ಕೆಲಸ ಅವನದು. ಮೈಮುರಿದು ದುಡಿಯುವ ಹುಡುಗ, ಮಾತು ನೇರ, ದುರಾಸೆ ಇಲ್ಲ. ಇದ್ದದ್ದು ಒಂದೇ ಹುಚ್ಚು, ಸೈನ್ಯ. ಸೇನಾ ಭರ್ತಿ ಎಲ್ಲೇ ನಡೆದರೂ ಓಡಿ ಹೋಗಿ ಬಂದಿದ್ದ. ಒಂದು ಕಡೆ ಎದೆಯಳತೆ ಸಾಲಲಿಲ್ಲ, ಇನ್ನೊಂದು ಕಡೆ ಕಿವಿಯಲ್ಲಿ ತೊಂದರೆ ಎಂದರು, ಕೊನೆಗೆ ವಯಸ್ಸು ಮೀರಿತು. ಮಾವ ಮಿಲ್ಟ್ರಿ, ತಾನು ಫಲಕ ತೊಳೆಯುವವನು ಎಂಬ ಕೊರಗು ಒಳಗೇ ಕುಳಿತಿತ್ತು.

ಕಡಲೆಕಾಯಿ ಕೀಳುವ ಕಾಲದಲ್ಲಿ ಒಂದು ಸಂಜೆ ಚೇತನ ಸಿಹಿ ತಂದ.

"ಕೆಲ್ಸ ಆಯ್ತು ಮಾವ. ಮಿಲ್ಟ್ರಿ ಕೆಲ್ಸನೇ, ಹೊರದೇಶದ್ದು. ಬಟ್ಟೆ ಕೊಡ್ತಾರೆ, ಬೂಟು ಕೊಡ್ತಾರೆ. ಏಜೆಂಟು ಎಲ್ಲಾ ಮಾತಾಡವ್ನೆ. ಮುಂದಿನ ಸೋಮವಾರ ಹೊಂಡೋದು."

"ಯಾವ ದೇಶನ್ಲಾ?"

"ರಂಗರಾಜಣ್ಣನ ಟೀವಿನಾಗೆ ಬತ್ತದಲ್ಲ, ಅದೇ. ಹೆದರ್ಕಬ್ಯಾಡ, ಗನ್ನು ಮುಟ್ಟೋ ಅಂಗಿಲ್ಲ. ಹಿಂದೆ ಗೋಡೌನ್‌ನಾಗೆ ಸಾಮಾನು ಎತ್ತಿಡೋ ಹೆಲ್ಪರ್ ಕೆಲ್ಸ ಅಷ್ಟೇಯ."

ಮೂಡಲಗಿರಿಯಪ್ಪನ ಕೈಯಲ್ಲಿದ್ದ ಮೈಸೂರುಪಾಕು ಬಾಯಿಗೆ ಹೋಗಲಿಲ್ಲ.  ಐದು ತಿಂಗಳ ಬಸುರಿ ಮಗಳು ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಗಂಡನ ಆಸೆ ಕೈಗೂಡಿತೆಂಬ ಸಂತೋಷ ಅವಳದು, ಪಾಪ.

"ನಮಗೂ ಅಂಗೇ ಯೋಳಿದ್ರು ಕಣ್ಲಾ. ಯುದ್ಧ ಇಲ್ಲ ಏನಿಲ್ಲ, ಶಾಂತಿ ಕಾಯೋದು ಅಂದ್ರು."

"ನೀನು ಚೆನ್ನಾಗೇ ಬಂದ್ಯಲ್ಲ ಮಾವ?"

"ತಿಪ್ಪೇರುದ್ರ ಬರ್ಲಿಲ್ಲ."

"ಅವ್ರು ಫೈಟ್ ಮಾಡ್ತಾ ಹುತಾತ್ಮರಾದ್ರು. ನಾನು ಫೈಟ್ ಮಾಡಕೆ ಹೋಗ್ತಾನೇ ಇಲ್ವಲ್ಲ?"

ಮೂಡಲಗಿರಿಯಪ್ಪ ಇಲ್ಲವೆನ್ನುವಂತಿರಲಿಲ್ಲ. ಹೋರಾಡುತ್ತ ಸತ್ತನೆಂದು ಊರಿಗೆ ಹೇಳಿದವನು ಅವನೇ.

ತಿಪ್ಪೇರುದ್ರ ಪಾವಗಡದಾಚೆಯ ಒಂದು ಹಳ್ಳಿಯವನು, ಲಂಕೆಯಲ್ಲಿ ಇವನ ಜೊತೆಗಿದ್ದವನು. ಅವನ ಊರ ಬಾಗಿಲಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ. ಕಲ್ಲಿನ ಮೇಲೆ ಬಂದೂಕು ಹಿಡಿದ ಸಿಪಾಯಿ, ಕೆಳಗೆ 'ಶತ್ರುಗಳೊಡನೆ ಹೋರಾಡುತ್ತ' ಎಂಬ ಅಕ್ಷರ. ವರ್ಷಕ್ಕೊಮ್ಮೆ ಅದಕ್ಕೆ ಹಾರ ಬೀಳುತ್ತದೆ. ಸತ್ತವನ ಟ್ರಂಕು ಹೊತ್ತು ಹೋದ ದಿನ ಅವನ ಅಕ್ಕ ಓಬಕ್ಕ, "ಹೆಂಗಾಯ್ತು ನಾಯ್ನಾ?" ಎಂದು ಕೇಳಿದಾಗ ಇವನ ಬಾಯಿಂದ ಬಂದದ್ದು ಹೋರಾಟವೆಂಬ ಮಾತು. ನಿಜ ಹೇಳಿದ್ದರೆ ಜನ ನಗುತ್ತಿದ್ದರು. ಲಂಕೆಗೆ ಹೋಗಿ ಬಂದವನನ್ನು ಹನುಮಪ್ಪ ಎಂದು ಆಡಿಕೊಂಡವರು, ಅಲ್ಲೇ ಸತ್ತವನನ್ನು ಬಿಡುತ್ತಿದ್ದರೆಂದು ಏನು ಗ್ಯಾರಂಟಿ?

ಸೋಮವಾರ ಹತ್ತಿರವಾಗುತ್ತ ಬಂತು. ಅವನು ಉಂಡದ್ದು ಮೈಗೆ ಹತ್ತಲಿಲ್ಲ. ಟಿ.ವಿಯಲ್ಲಿ ಉರಿಯುವ ಕಟ್ಟಡ ಕಂಡರೆ ಅದರ ಬಾಗಿಲಲ್ಲಿ ಚೇತನ ಮೂಟೆ ಹೊತ್ತು ನಿಂತಂತೆ ಕಾಣುತ್ತಿತ್ತು. ಇತ್ತ ರಂಗರಾಜು ಹುಡುಗನಿಗೆ ಶಾಲು ಹೊದಿಸಿ ಫೋಟೊ ತೆಗೆಸಿ, "ನಮ್ಮೂರ ಹುಲಿ" ಎಂದು ಎಲ್ಲರ ಮೊಬೈಲಿಗೂ ಕಳಿಸಿಯಾಗಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಿಜ ಹೇಳಿದರೆ ಹುಡುಗ ಉಳಿದಾನು, ಆದರೆ ಹೇಳಲು ಓಬಕ್ಕನ ತಮ್ಮನ ಕಲ್ಲನ್ನು ಕೆಡವಬೇಕು. ಶನಿವಾರ ಅವನು ಪಾವಗಡದ ಬಸ್ಸು ಹತ್ತಿದ.

ಓಬಕ್ಕ ಈಗ ಹಣ್ಣು ಮುದುಕಿ. ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕಡಲೆಕಾಯಿ, ಅವಳ ತೆಲುಗು ಬೆರೆತ ಮಾತಿನಲ್ಲಿ ಸೆನಕ್ಕಾಯಿ, ಸುಲಿಯುತ್ತಿದ್ದಳು. "ರಾ ನಾಯ್ನಾ, ಕೂಕೋ" ಎಂದಳು. ಅವನು ಕೂತ. ನೀರು ಕುಡಿದ. ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ. ಮುಗಿಯುವ ಹೊತ್ತಿಗೆ ಅವನ ಅಂಗಿ ಬೆನ್ನಿಗೆ ಅಂಟಿತ್ತು.

ಮುದುಕಿ ಮೊರ ಬದಿಗಿಟ್ಟು ತನ್ನ ಬೆರಳುಗಳನ್ನು ನೋಡಿಕೊಂಡಳು.

"ಕಿತ್ತ ಹೊಲ ಕೆದಕಿ ಹಕ್ಲು ಆಯೋದು ಅವನ್ಗೆ ನಾನೇ ಕಲ್ಸಿದ್ದು ನಾಯ್ನಾ. ನಮ್ಗೆ ಹೊಲ ಇರ್ಲಿಲ್ಲ. ಬಿರುಕು ಬಿಟ್ಟ ಮಣ್ಣು ಕಂಡ್ರೆ ಬುಡಬ್ಯಾಡ, ಒಳಗೆ ಸೆನಕ್ಕಾಯಿ ಇರ್ತದೆ ಅಂತ ಬೆನ್ನಿಗೆ ಗುದ್ದಿ ಕಲ್ಸಿದ್ದೆ."

ಮೂಡಲಗಿರಿಯಪ್ಪನಿಗೆ ಅಳು ಬಂತು. ಅವಳಿಗೆ ಬರಲಿಲ್ಲ.

"ಆ ಕಲ್ಲಿಗೆ ಆರ ಆಕಿ ಫೋಟೊ ತೆಗ್ಸ್ಕೊಂಡು ಓಯ್ತಾರಲ್ಲ, ಅವರ್ಯಾರೂ ನನ್ ತಮ್ಮನ್ನ ಕಂಡೋರಲ್ಲ. ನೀನು ಕಂಡೋನು. ಓಗು, ಯೋಳು. ಇರೋನ್ನ ಉಳಿಸ್ಕೋ."

ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಹೊಲದಲ್ಲಿದ್ದರು. ಕಡಲೆಗಿಡ ಕಿತ್ತು ಮೆದೆ ಹಾಕಿಯಾಗಿತ್ತು. ಕಿತ್ತ ಹೊಲದಲ್ಲಿ ಬುಡ ಕಳಚಿ ಮಣ್ಣಿನಲ್ಲೇ ಉಳಿದ ಕಾಯಿಗೆ ಹಕ್ಕಲು ಎನ್ನುತ್ತಾರೆ. ಅದನ್ನು ಬೆರಳಿನಿಂದಲೋ ಚೂಪು ಕಡ್ಡಿಯಿಂದಲೋ ಕೆದಕಿ ಆಯುವುದು ನಮ್ಮ ಕಡೆಯ ಜನಕ್ಕೆ ಉಸಿರಾಡಿದಷ್ಟೇ ಸಹಜ. ಎಲ್ಲಿ ಮಣ್ಣು ಕೊಂಚ ಉಬ್ಬಿದೆಯೋ, ಕೂದಲೆಳೆಯ ಬಿರುಕಿದೆಯೋ, ಅಲ್ಲಿಗೆ ಕೈ ತಾನೇ ಹೋಗುತ್ತದೆ. ಮಂಜುಳಾ ಆ ತುದಿಯಲ್ಲಿ ಬುಟ್ಟಿ ಹಿಡಿದು ಓಡಾಡುತ್ತಿದ್ದಳು. ಚೇತನ ಬದುವಿನ ಮೇಲೆ ಮಾವನ ಪಕ್ಕ ಕೂತು ಹಸಿಕಾಯಿ ತಿನ್ನುತ್ತಿದ್ದ. ಮಾರನೆಯ ದಿನ ಪ್ರಯಾಣ.

"ತಿಪ್ಪೇರುದ್ರ ಹೆಂಗೆ ಸತ್ತ ಗೊತ್ತೇನ್ಲಾ?" ಎಂದ ಮೂಡಲಗಿರಿಯಪ್ಪ. "ಕಡ್ಲೆಕಾಯಿ ಆಯ್ತಾ ಸತ್ತ."

ಚೇತನ ನಕ್ಕುಬಿಟ್ಟ. "ಕಡ್ಲೆಕಾಯ್ಗಾ ಮಾವ?"

ಇಷ್ಟು ವರ್ಷ ಯಾವ ನಗುವಿಗೆ ಹೆದರಿದ್ದನೋ ಅದೇ ನಗು. ಆದರೂ ಅವನು ನಿಲ್ಲಿಸಲಿಲ್ಲ.

"ಅವತ್ತು ಗುಂಡಿಲ್ಲ, ಗಲಾಟೆ ಇಲ್ಲ. ಡ್ಯೂಟಿ ಮುಗಿಸಿ ವಾಪಸ್ ಬತ್ತಿದ್ವಿ. ಒಂದು ತಾಳೆ ಮರದ ಕೆಳಗೆ ಕೂತ್ವಿ. ಮುಂದೇ ಹೊಲ. ಜನ ಊರು ಬಿಟ್ಟು ಓಡೋಗಿದ್ರು, ಅರ್ಧ ಕಡ್ಲೆಗಿಡ ಕಿತ್ತಿದ್ರು, ಅರ್ಧ ಅಂಗೇ ಇತ್ತು. ಥೇಟ್ ನಮ್ಮೂರ ಕೆಮ್ಮಣ್ಣು. ಅವನ ಮುಖ ನೋಡ್ಬೇಕಿತ್ತು ನೀನು, ಮನೆಗೇ ಬಂದಂಗಿತ್ತು. 'ರೇಯ್ ಮೂಡ್ಲಾ, ಹಕ್ಲು ಅಂಗೇ ಅದೆ ಕಣೋ' ಅಂತ ಹೊಲಕ್ಕೆ ಇಳಿದ. ನಾಕು ಕಾಯಿ ಸಿಕ್ಕಿದ್ವು, ನನ್ ಕಡೆ ಎಸೆದ. ನಾನು ಸುಲಿದು ಬಾಯಿಗೆ ಆಕ್ಕಂಡೆ. ಆಮ್ಯಾಲೆ ಒಂದು ಕಡೆ ಮಣ್ಣು ಉಬ್ಬಿತ್ತು, ಬಿರುಕು ಬಿಟ್ಟಿತ್ತು."

ಚೇತನನ ದವಡೆ ಅಲುಗಾಡುವುದು ನಿಂತಿತು.

"ನಮ್ ಜೊತೆ ಪಂಜಾಬಿನೋರಿದ್ರು, ಬಿಹಾರ್‌ನೋರಿದ್ರು. ಅವರ್ಯಾರೂ ಅಲ್ಲಿ ಕೈ ಇಕ್ತಿರ್ಲಿಲ್ಲ ಕಣ್ಲಾ. ನಮ್ಮೋನೇ ಇಕ್ಬೇಕಿತ್ತು. ಅವನ ಕೈ ಅದನ್ನೇ ಕಲ್ತಿತ್ತು. ಎರಡು ಬೆರಳು ಒಳಕ್ಕೆ ಓಗಿದ್ದು ನೋಡ್ದೆ. ಅದು ಕಾಯಲ್ಲ. ಯಾರೋ ಹೂತಿಟ್ಟು ಓಗಿದ್ದ ಬಾಂಬು, ಮೈನು ಅಂತಾರೆ."

ಅವನು ಎದುರಿನ ಹೊಲದತ್ತ ನೋಡುತ್ತ ಹೇಳುತ್ತಿದ್ದ. 

"ಕಂಬಳಿನಾಗೆ ಆಯ್ದು ಆಕ್ಕಂಡೆ. ಯಾವುದು ಮಣ್ಣು, ಯಾವುದು ಅವನು ಅಂತ ತಿಳೀಲಿಲ್ಲ. ನನ್ ಬಾಯಾಗೆ ಅವನು ಎಸೆದ ಕಾಯಿ ಇನ್ನೂ ಇತ್ತು. ಶೌರ್ಯನೂ ಇಲ್ಲ, ಮಣ್ಣಂಗಟ್ಟೆನೂ ಇಲ್ಲ. ಹಿಂದೆ ಇರ್ತೀನಿ, ಗನ್ನು ಮುಟ್ಟಲ್ಲ ಅಂತೀಯಲ್ಲ, ಅವನೂ ಮುಟ್ಟಿರ್ಲಿಲ್ಲ. ಬಂದೂಕು ಬೆನ್ನಿಗೆ ನೇತಾಕ್ಕಂಡೇ ಇದ್ದ. ಯುದ್ಧದಾಗೆ ಹಿಂದೆ ಅನ್ನೋ ಜಾಗನೇ ಇಲ್ಲ ಕಣ್ಲಾ. ಎಲ್ಲಾ ಕಡೆನೂ ನೆಲನೇ."

 ಚೇತನ ಕೈಯಲ್ಲಿದ್ದ ಕಾಯಿಗಳನ್ನು ಬದುವಿನ ಮೇಲಿಟ್ಟ. ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ.  ಇಷ್ಟು ಹೇಳಿಯೂ ಹುಡುಗ ನಾಳೆ ಬಸ್ಸು ಹತ್ತಿದರೆ ಇನ್ನು ಹೇಳಲು ತನ್ನ ಹತ್ತಿರ ಏನೂ ಉಳಿದಿಲ್ಲ ಎಂಬ ಭಯ ಮೂಡಲಗಿರಿಯಪ್ಪನನ್ನು ಹಿಡಿದುಕೊಂಡಿತು.

ಹೊಲದ ಆ ತುದಿಯಲ್ಲಿ ಮಂಜುಳಾ ಬುಟ್ಟಿ ಕೆಳಗಿಟ್ಟಳು. ಹೊಟ್ಟೆ ಸಂಭಾಳಿಸಿಕೊಂಡು ನಿಧಾನವಾಗಿ ಕುಕ್ಕರಗಾಲಲ್ಲಿ ಕೂತಳು. ಎದುರಿಗೆ ಮಣ್ಣು ಒಂದು ಕಡೆ ಉಬ್ಬಿ ಬಿರುಕು ಬಿಟ್ಟಿತ್ತು. ಅವಳು ಬೆರಳು ಚಾಚಿದಳು.

"ಮುಟ್ಬ್ಯಾಡ!"

ಆ ಕೂಗು ಯಾರದೆಂದು ಮೂಡಲಗಿರಿಯಪ್ಪನಿಗೆ ಕ್ಷಣ ತಿಳಿಯಲಿಲ್ಲ, ತನ್ನದೇ ಎಂದುಕೊಂಡ. ಆದರೆ ಓಡುತ್ತಿದ್ದವನು ಚೇತನ. ಎಡವಿ ಬಿದ್ದು ಎದ್ದು ಓಡಿದ. ಹೆಂಡತಿಯ ರಟ್ಟೆ ಹಿಡಿದು ಎಳೆದು ನಿಲ್ಲಿಸಿದ.

"ಏನು? ಹಾವಾ?" ಎಂದಳು ಅವಳು ಗಾಬರಿಯಾಗಿ.

 ಚಿಕ್ಕಂದಿನಿಂದ ಆಡಿದ ಹೊಲ, ಮನೆಯ ಹೊಲ, ಅಲ್ಲಿ ಒಂದು ಕಾಯಿಯ ಹೊರತು ಏನಿದ್ದೀತು? ಅದು ಚೇತನನಿಗೂ ಗೊತ್ತಿತ್ತು. ಆದರೂ ಅವಳ ರಟ್ಟೆ ಬಿಡಲಿಲ್ಲ, ತುಟಿ ಬೆಳ್ಳಗಾಗಿತ್ತು. ಮೂಡಲಗಿರಿಯಪ್ಪ ಆ ಮುಖ ನೋಡಿದ. ಅವನು ಕನ್ನಡಿಯಲ್ಲಿ ದಿನವೂ ನೋಡುವ ಮುಖ ಅದು. ಹುಡುಗ ಇನ್ನು ಎಲ್ಲಿಗೂ ಹೋಗುವುದಿಲ್ಲವೆಂದು ಅವನಿಗೆ ಗೊತ್ತಾಯಿತು. ಎದೆಯ ಭಾರ ಇಳಿಯಿತು. ಅದರ ಜೊತೆಗೇ, ಈ ಹೆದರಿಕೆಯನ್ನು ಅವನ ಮೈಗೆ ಹಚ್ಚಿದವನು ತಾನೇ ಎಂಬ ಸಂಕಟವೂ ಹುಟ್ಟಿತು. ಬೇರೆ ದಾರಿ ಇರಲಿಲ್ಲ.

"ಏನೂ ಇಲ್ಲ ಬಾ" ಎಂದ ಚೇತನ, ಹೆಂಡತಿಗೆ. ಬುಟ್ಟಿಯನ್ನು ಅಲ್ಲೇ ಬಿಟ್ಟ. ಅವಳ ಕೈ ಹಿಡಿದುಕೊಂಡು, ತಾನು ಓಡಿಬಂದ ಹೆಜ್ಜೆಯ ಗುರುತುಗಳಲ್ಲೇ ಒಂದೊಂದಾಗಿ ಕಾಲಿಡುತ್ತ, ಅವಳನ್ನೂ ಅದರಲ್ಲೇ ಕಾಲಿಡಿಸುತ್ತ, ಬದುವಿನ ಗಟ್ಟಿ ನೆಲಕ್ಕೆ ಬಂದ.